ಪ್ರಭುಸ್ವಾಮಿಯವರ ಪಿಯಾನೊ

"ಎತ್ತಬೇಡಿ, ತಳ್ಳಿ! ಎತ್ತಿದ್ರೆ ಕಾಲು ಮುರಿದೋಗ್ತದೆ!" ಎಂದು ಮಲ್ಲೇಶ್ ಕೂಗಿದ.

ನಾಲ್ಕು ಜನ ಗಂಡಸರು ಭುಜ ಕೊಟ್ಟು ತಳ್ಳಿದರೂ ಪಿಯಾನೊ ಒಂದು ಗೇಣು ಜರುಗಿ ಮತ್ತೆ ಹಟ ಹಿಡಿದು ನಿಂತಿತು. ಅದರ ತಳದ ಹಿತ್ತಾಳೆ ಗಾಲಿಗಳಲ್ಲಿ ಒಂದು ಕಿಲುಬು ಹಿಡಿದು ತಿರುಗುವುದನ್ನೇ ಬಿಟ್ಟಿತ್ತು. ಮಲ್ಲೇಶನ ಅಪ್ಪ ಪ್ರಭುಸ್ವಾಮಿಯವರು ಬೆಳಗಿನ ಜಾವ ತೀರಿಕೊಂಡಿದ್ದರು. ಒಳಗಿನ ಕೋಣೆಯ ಮಂಚದ ಮೇಲೆ ಅವರನ್ನು ಮಲಗಿಸಿದ್ದರು. ಆದರೆ ಅವರ ಜನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ತಲೆಗೆ ಪೇಟ ಸುತ್ತಿ, ಎಡಗೈಯಲ್ಲಿ ಲಿಂಗವಿಟ್ಟು ಪದ್ಮಾಸನದಲ್ಲಿ ಕೂರಿಸುತ್ತಾರೆ. ಕೂತ ಹಾಗೆಯೇ ಹೊತ್ತು, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಕೂರಿಸುವುದಕ್ಕೆ ಬಾಗಿಲಿಗೆ ಎದುರಾಗಿ ಒಂದು ಗೋಡೆ ಬೇಕು. ಹುಣಸೂರಿನ ಆ ಹಳೇ ಮನೆಯ ಹಜಾರದಲ್ಲಿ ಅಂಥ ಗೋಡೆ ಇದ್ದದ್ದು ಒಂದೇ, ಅದನ್ನು ನಲವತ್ತು ವರ್ಷದಿಂದ ಪಿಯಾನೊ ಹಿಡಿದುಕೊಂಡು ಕೂತಿತ್ತು.

"ಬೇಗ ಕಣ್ರಪ್ಪ," ಎಂದರು ಮಠದಿಂದ ಬಂದಿದ್ದ ಅಯ್ಯನವರು. "ಮೈ ಬಿಗಿದುಬುಟ್ರೆ ಆಮೇಲೆ ಕಾಲು ಮಡಿಸಕ್ಕಾಗಲ್ಲ. ಹಂಗೇ ನಿಂತ್ಕಂಡ್ ಹೋಗ್ಬೇಕಾಯ್ತದೆ ಯಜಮಾನ್ರು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರೇಮಮ್ಮ ಅಲ್ಲಿಯವರೆಗೂ ಅತ್ತಿರಲಿಲ್ಲ. ಗಂಡನ ಬಾಯಿಗೆ ಕೊನೆಯ ನೀರು ಬಿಟ್ಟಾಗಲೂ ಅತ್ತಿರಲಿಲ್ಲ. ಈಗ ಪಿಯಾನೊದ ಮೂಲೆ ಬಾಗಿಲ ಚೌಕಟ್ಟಿಗೆ ತಾಗುವುದನ್ನು ನೋಡಿ ಅವರ ದನಿ ಒಡೆಯಿತು.

"ಮೆಲ್ಲಗೆ ಕಣ್ರಪ್ಪಾ, ಗೀರು ಬಿದ್ದಾತು. ನಂಗೋಸ್ಕರ ಅಂತ ತಂದಿದ್ದು ಅವ್ರು."

ಪಕ್ಕದ ಮನೆಯ ಚಿಕ್ಕಬೀರಮ್ಮ ಅವರ ತಲೆಯನ್ನು ಎದೆಗೆ ಒರಗಿಸಿಕೊಂಡು ಲೊಚಗುಟ್ಟಿದಳು. "ಅಳು ಪ್ರೇಮಕ್ಕ, ಅತ್ತುಬುಡು. ಹೆಂಡ್ರಿಗೆ ಸೀರೆ ತರೋ ಗಂಡಂದ್ರೇ ಇಲ್ಲ ಈ ಬೀದೀಲಿ. ನಿನ್ ಗಂಡ ಪಿಯಾನ ತಂದ್ಕೊಟ್ಟಿದ್ದ. ಎಂಥಾ ಪುಣ್ಯಾತ್ಮ!"

ಪ್ರೇಮಮ್ಮನಿಗೆ ಅಳು ಇನ್ನಷ್ಟು ಬಂತು. ಆದರೆ ಚಿಕ್ಕಬೀರಮ್ಮ ತಿಳಿದುಕೊಂಡ ಕಾರಣಕ್ಕಲ್ಲ. ಆ ಪುಣ್ಯಾತ್ಮ ತಂದುಕೊಟ್ಟ ಪಿಯಾನೊದಲ್ಲಿ ಅವರು ಒಂದೇ ಒಂದು ಹಾಡನ್ನೂ ನುಡಿಸಲಿಲ್ಲ. ನುಡಿಸಲು ಬರಲಿಲ್ಲ. ಗಂಡ ಅದನ್ನು ಒಂದು ದಿನವೂ ಆಡಿ ತೋರಿಸದೆ ಹೊರಟುಹೋದರು. ಇನ್ನು ಆ ಋಣ ತೀರುವುದು ಹೇಗೆ?

ಕೊನೆಗೂ ಪಿಯಾನೊ ಜಗಲಿ ಸೇರಿತು. ಪ್ರಭುಸ್ವಾಮಿಯವರನ್ನು ಅದರ ಜಾಗದಲ್ಲಿ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ತಲೆ ವಾಲದ ಹಾಗೆ ಹಣೆಯ ಮೇಲೆ ಬಿಳಿ ಪಟ್ಟಿ ಬಿಗಿದರು. ಜಗಲಿಯಲ್ಲಿ ಪಿಯಾನೊದ ಮೇಲೆ ಸ್ವಲ್ಪ ಹೊತ್ತಿಗೇ ಊದುಬತ್ತಿ ಕಟ್ಟು, ಹೂವಿನ ಹಾರದ ರಾಶಿ, ಟೀ ಲೋಟಗಳು ಬಂದು ಕೂತವು. ಆ ಮನೆಗೆ ಬಂದ ಮೇಲೆ ಅದು ಕೆಲಸಕ್ಕೆ ಬಂದದ್ದು ಅವತ್ತೇ ಮೊದಲು.

*

ಪ್ರಭುಸ್ವಾಮಿಯವರು ಹೊಗೆಸೊಪ್ಪಿನ ಸಣ್ಣ ವ್ಯಾಪಾರಿ. ಹರಾಜಿನಲ್ಲಿ ರೈತರ ಸೊಪ್ಪಿನ ಹೊರೆಗಳನ್ನು, ಅಂದರೆ ಬೇಲುಗಳನ್ನು, ಹಿಡಿದು ದೊಡ್ಡ ಕಂಪನಿಗಳಿಗೆ ಕೊಡುವುದು ಅವರ ಕಸುಬು. ಮದುವೆಯಾಗಿ ಬಂದ ಪ್ರೇಮಮ್ಮ ಮೊದಲು ಬಾಯಿಬಿಟ್ಟು ಕೇಳಿದ ವಸ್ತು ಒಂದು ಬೀರು. ಮನೆಯವರ ಬಟ್ಟೆಯೆಲ್ಲ ಹಗ್ಗದ ಮೇಲೆ ನೇತಾಡುತ್ತಿತ್ತು, ಬಂದವರ ಎದುರು ಒಳಲಂಗದ ಸಮೇತ. ಪಿರಿಯಾಪಟ್ಟಣದ ರಸ್ತೆಯಲ್ಲಿದ್ದ ಬಿಳಿ ದೊರೆಯೊಬ್ಬನ ಹಳೇ ಬಂಗಲೆಯ ಸಾಮಾನುಗಳನ್ನು ಹರಾಜು ಹಾಕುತ್ತಾರೆ ಎಂದು ಗೊತ್ತಾದಾಗ, "ತೇಗದ ಬೀರು ಇದೆಯಂತೆ, ತರ್ತೀನಿ," ಎಂದು ಪ್ರಭುಸ್ವಾಮಿಯವರು ಹೊರಟರು.

ಸಂಜೆ ಎತ್ತಿನ ಗಾಡಿ ಬಂತು. ಅದರ ಹಿಂದೆ ಅರ್ಧ ಬೀದಿ ಬಂತು. ಪ್ರೇಮಮ್ಮ ಸೆರಗು ಬಿಗಿದುಕೊಂಡು ಹೊರಗೆ ಬಂದು, ಇದು ಎಂಥ ಗಿಡ್ಡ ಬೀರು ಎಂದು ನೋಡಿದರು. ಆಳೊಬ್ಬ ಮುಚ್ಚಳ ತೆಗೆದ.

"ಇದೇನ್ರೀ, ಹಲ್ಲು?"

ಪ್ರಭುಸ್ವಾಮಿಯವರು ಟವೆಲಿನಿಂದ ಮುಖ ಒರೆಸಿಕೊಂಡರು. ಕತ್ತು ಒರೆಸಿಕೊಂಡರು. ಒರೆಸಲು ಇನ್ನೇನೂ ಉಳಿಯದೆ ಇದ್ದಾಗ, "ನೀನು ಹಾಡ್ತೀಯಲ್ಲ. ನಿಂಗೇ ಅಂತ ತಂದೆ," ಎಂದರು.

ಅಂಥ ಮಾತನ್ನು ಆ ಮನುಷ್ಯ ಅದಕ್ಕೆ ಮುಂಚೆ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಪ್ರೇಮಮ್ಮನ ಕಿವಿ ಬಿಸಿಯಾಯಿತು. "ಬಟ್ಟೆ ಇದ್ರೊಳಕ್ಕೆ ತುಂಬ್ಲೇನ್ಲಾ?" ಎಂದು ಅತ್ತೆ ಒಳಗಿನಿಂದ ಕೂಗಿದ್ದು ಅವರಿಗೆ ಕೇಳಿಸಲೇ ಇಲ್ಲ.

ಚರ್ಚಿನ ಸ್ಕೂಲಿನ ಟೀಚರಮ್ಮ ಒಬ್ಬರು ಬಂದು ಕಲಿಸತೊಡಗಿದರು. ಬೆರಳನ್ನು ನಿಂಬೆಹಣ್ಣು ಹಿಡಿದ ಹಾಗೆ ಇಟ್ಟುಕೋ ಎಂದರು. ಪ್ರೇಮಮ್ಮ ಇಟ್ಟುಕೊಂಡರು. ಎಡಗೈ ಒಂದು ಆಡಿದರೆ ಬಲಗೈ ಇನ್ನೊಂದು ಆಡಬೇಕು ಎಂದರು. ಅದು ಮಾತ್ರ ಆಗಲೇ ಇಲ್ಲ. ಬಲಗೈ ಮಾಡಿದ್ದನ್ನೇ ಎಡಗೈ ಮಾಡುತ್ತಿತ್ತು. ಒಳಗೆ ಅತ್ತೆ, ಹಿಟ್ಟು ತೊಳಸುವುದಕ್ಕೆ ಮಾತ್ರ ಕೈ ಇಲ್ಲ ಇವಳಿಗೆ ಎಂದು ಮುದ್ದೆಯ ಕೋಲು ಕುಟ್ಟುತ್ತಿದ್ದರು. ಮಳೆಗಾಲ ಬರುವ ಹೊತ್ತಿಗೆ ಟೀಚರಮ್ಮನಿಗೆ ವರ್ಗವಾಯಿತು. ಪ್ರೇಮಮ್ಮನಿಗೆ ಎಷ್ಟು ಹಾಯೆನಿಸಿತೋ ಅಷ್ಟೇ ನಾಚಿಕೆಯೂ ಆಯಿತು.

ನುಡಿಸಲು ಬಾರದಿದ್ದರೇನು, ನೋಡಿಕೊಳ್ಳಬಹುದಲ್ಲ. ಅವತ್ತಿನಿಂದ ದಿನಾ ಬೆಳಿಗ್ಗೆ ಅವರು ಪಿಯಾನೊ ಒರೆಸಿದರು. ಗಿಳಿ ಕಸೂತಿಯ ಹೊದಿಕೆ ಹೊಲಿದರು. ಆಯುಧಪೂಜೆಯ ದಿನ ತಕ್ಕಡಿ, ಸೈಕಲ್ಲಿನ ಜೊತೆ ಅದಕ್ಕೂ ವಿಭೂತಿ ಹಚ್ಚಿದರು. ಅವರು ಒರೆಸುವಾಗ ಎಷ್ಟೋ ಸಲ ಪ್ರಭುಸ್ವಾಮಿಯವರು ಬಾಗಿಲಲ್ಲಿ ನಿಂತು ನೋಡಿ, ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ಒಳಗೆ ಹೋಗುತ್ತಿದ್ದರು. ಇನ್ನೂ ಕಲಿಯಲಿಲ್ಲವಲ್ಲ ಎಂದು ಕೊರಗುತ್ತಾರೆ ಎಂದೇ ಪ್ರೇಮಮ್ಮ ತಿಳಿದಿದ್ದರು.

*

ಮಧ್ಯಾಹ್ನದ ಹೊತ್ತಿಗೆ ಶಾಮಿಯಾನದ ಕೆಳಗೆ ಜನ ತುಂಬಿದರು. ಭಜನೆಯವರು ತಾಳ ಹಾಕುತ್ತಿದ್ದರು. ಸತ್ತವರನ್ನು ಕೂರಿಸಿ ಹೊರುವ ಬಿದಿರಿನ ವಿಮಾನಕ್ಕೆ ಬಾಳೆಕಂದು, ಚೆಂಡುಹೂವು ಕಟ್ಟುತ್ತಿದ್ದರು. ಕಂಪಲಾಪುರದಿಂದ ಪ್ರಭುಸ್ವಾಮಿಯವರ ಹಳೇ ಗೆಳೆಯ, ಹೊಗೆಸೊಪ್ಪು ಬೆಳೆಯುವ ತಿಮ್ಮಯ್ಯ ಬಂದು, ಹಾರ ಹಾಕಿ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅಷ್ಟರಲ್ಲಿ ಒಂದು ಪಿಕಪ್ ಗಾಡಿ ಹಾರನ್ ಹಾಕುತ್ತಾ ಓಣಿಯೊಳಗೆ ನುಗ್ಗಿತು.

"ಯಾರ್ ಹೇಳಿದ್ದು ಗಾಡಿಗೆ?" ಎಂದು ಮಲ್ಲೇಶ್ ಎದ್ದ. "ನಾವು ಹೆಗಲ ಮೇಲೆ ಹೊರೋರು. ವಾಪಸ್ ಕಳಿಸ್ರೋ."

ಗಾಡಿಯಿಂದ ಇಳಿದವನು ನಲವತ್ತರ ಒಳಗಿನ ಸಭ್ಯ ಮನುಷ್ಯ. ಕೆ.ಆರ್. ನಗರದ ಮಹೇಶ್ಕುಮಾರ್, ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ, ಈಗ ಮಕ್ಕಳಿಗೆ ಸಂಗೀತದ ಕ್ಲಾಸು ತೆಗೆದಿದ್ದ. "ಪ್ರಭುಸ್ವಾಮಿ ಅನ್ನೋರ ಮನೆ ಇದೇನಾ ಸಾರ್?" ಎಂದು ಕೇಳಿದ.

"ಇದೇ. ಒಳಗೆ ಕೂತವ್ರೆ, ಹೋಗಿ. ಚಪ್ಪಲಿ ಇಲ್ಲೇ ಬಿಡಿ," ಎಂದರು ಯಾರೋ.

ಶಾಮಿಯಾನ, ಭಜನೆ ನೋಡಿ ಏನೋ ಪೂಜೆ ಎಂದುಕೊಂಡು, ಬಿಸಿಲಿನಿಂದ ಕತ್ತಲ ಹಜಾರಕ್ಕೆ ಬಂದ ಮಹೇಶ್ಕುಮಾರನಿಗೆ ಎದುರಿಗೆ ಪೇಟ ಸುತ್ತಿ, ನೆಟ್ಟಗೆ ಕೂತ ಹಿರಿಯರು ಕಂಡರು. "ನಮಸ್ಕಾರ ಸಾರ್. ಫೋನಲ್ಲಿ ಮಾತಾಡಿದ್ನಲ್ಲ, ನಾನೇ. ಸ್ವಲ್ಪ ಲೇಟಾಯ್ತು," ಎಂದು ಕೈಮುಗಿದ. ಹೆಂಗಸರ ಅಳು ಒಮ್ಮೆಲೇ ನಿಂತಿತು. ಉತ್ತರ ಬಾರದ್ದನ್ನು ನೋಡಿ ಅವನು ಒಂದು ಹೆಜ್ಜೆ ಮುಂದೆ ಹೋದ. ಆಮೇಲೆ ಹೂವಿನ ರಾಶಿ, ಹಣೆಯ ಪಟ್ಟಿ, ದೀಪ ಎಲ್ಲವೂ ಕಂಡು ಬೆವತುಹೋದ.

ಮಲ್ಲೇಶನ ಮಗಳು, ಕಾಲೇಜು ಓದುವ ಭಾವನಾ, ಓಡಿಬಂದು ಅವನನ್ನು ಪಕ್ಕಕ್ಕೆ ಎಳೆದಳು. ಪ್ರೇಮಮ್ಮ ನೋಡಿಯೇಬಿಟ್ಟರು.

"ಯಾರವ್ವ ಅವ್ರು?"

"ಯಾರೂ ಇಲ್ಲ ಅಜ್ಜಿ."

"ಯಾರೂ ಅಲ್ಲದೋರು ಗಾಡಿ ಮಾಡ್ಕಂಡ್ ಬತ್ತಾರಾ?"

ಭಾವನಾಳ ಕಣ್ಣು ತುಂಬಿಬಂತು. "ತಾತ ಪಿಯಾನೊ ಮಾರ್ಬೇಕು ಅಂದ್ರು ಅಜ್ಜಿ. ನಾನೇ ಫೋನಲ್ಲಿ ಜಾಹೀರಾತು ಹಾಕ್ದೆ. ಹಳೇ ಪಿಯಾನೊ, ಮರ ಗಟ್ಟಿ ಇದೆ, ಸ್ವಲ್ಪ ರಿಪೇರಿ ಮಾಡಿಸ್ಬೇಕು, ಬೆಳಿಗ್ಗೆ ಹತ್ತು ಗಂಟೆ ಮೇಲೇ ಫೋನ್ ಮಾಡಿ ಅಂತ. ಆ ಹೊತ್ತಲ್ಲಿ ನೀವು ದೇವಸ್ಥಾನಕ್ಕೆ ಹೋಗಿರ್ತೀರಲ್ಲ. ಇವತ್ತು ಸೋಮವಾರ, ನೀವು ಬರೋದು ಮಧ್ಯಾಹ್ನ ಆಗುತ್ತೆ, ನೀವಿಲ್ದಾಗ ಸಾಗಿಸಿಬಿಡೋಣ, ಅಜ್ಜಿಗೆ ಹೇಳ್ಬೇಡ ಅಂದಿದ್ರು."

ಪ್ರೇಮಮ್ಮ ಗಂಡನ ಎದುರು ಧೊಪ್ಪನೆ ಕೂತರು.

"ಇವ್ಳು ಕಲಿಯೋಳಲ್ಲ ಅಂತ ಕೈ ಬುಟ್ಬುಟ್ರಾ?" ಎಂದರು. "ಒಂದ್ ಮಾತು ಬೈದಿದ್ರೆ ಆಗ್ತಿರ್ಲಿಲ್ವೇನ್ರೀ? ಕದ್ದು ಮಾರೋವಷ್ಟು ಬೇಜಾರಾಗಿತ್ತಾ ನನ್ ಮೇಲೆ?"

ಮಲ್ಲೇಶ್ ಮಹೇಶ್ಕುಮಾರನನ್ನು ಜಗಲಿಗೆ ಕರೆತಂದ. "ತಪ್ಪು ತಿಳ್ಕೋಬೇಡಿ ಸಾರ್. ಅದನ್ನ ಕೊಡಲ್ಲ. ನಮ್ಮಪ್ಪ ನಮ್ಮಮ್ಮಂಗೆ ಅಂತಲೇ ಹರಾಜಲ್ಲಿ ಹಿಡಿದಿದ್ದು ಅದು."

ಕಂಬಕ್ಕೆ ಒರಗಿದ್ದ ತಿಮ್ಮಯ್ಯನವರು ತಲೆ ಎತ್ತಿದರು.

"ಅವ್ವಂಗ್ ಅಂತ ಇಡುದ್ರಾ? ಯಾರ್ಲಾ ಅಂಗ್ ಏಳಿದ್ದು? ನಾನ್ ಅಲ್ಲೇ ಇದ್ನಲ್ಲ. ಅವ್ರು ಒಪ್ಕಂಡಿದ್ದು ಕಾಫಿಗೆ ಕಣ್ಲಾ!"

*

ಹೊಗೆಸೊಪ್ಪಿನ ಹರಾಜಿನಲ್ಲಿ ಯಾರೂ ಬಾಯಿಬಿಟ್ಟು ಕೊಳ್ಳುವುದಿಲ್ಲ, ಆ ಕಾಲದಲ್ಲಂತೂ ಇಲ್ಲ. ಬೇಲುಗಳ ಸಾಲಿನ ನಡುವೆ ಹರಾಜು ಕೂಗುವವನು ಬೆಲೆ ಹೇಳುತ್ತಾ ಓಡುತ್ತಿದ್ದ. ಕೊಳ್ಳುವವರು ಅವನ ಹಿಂದೆ ಓಡುತ್ತಿದ್ದರು. ಒಬ್ಬ ಹುಬ್ಬು ಹಾರಿಸುತ್ತಿದ್ದ, ಒಬ್ಬ ಕಿವಿ ಮುಟ್ಟಿಕೊಳ್ಳುತ್ತಿದ್ದ. ಪ್ರಭುಸ್ವಾಮಿಯವರದು ಗಲ್ಲವನ್ನು ಒಮ್ಮೆ ಕೆಳಗಿಳಿಸಿ ಎತ್ತುವ ಸಣ್ಣ ತಲೆಯಾಟ. ಕೂಗುವ ಅಣ್ಣಯ್ಯನಿಗೆ ಅದು ನೂರು ಜನರ ನಡುವೆಯೂ ಕಾಣುತ್ತಿತ್ತು. ತಲೆ ಆಡಿತು ಎಂದರೆ ಬೇಲು ಅವರದು, ಮತ್ತೆ ಮಾತಿಲ್ಲ.

ಬಂಗಲೆಯ ಹರಾಜಿಗೂ ಅಣ್ಣಯ್ಯನನ್ನೇ ಕೂಗಲು ಕರೆಸಿದ್ದರು. ಕುರ್ಚಿ ಹೋಯಿತು, ಗಡಿಯಾರ ಹೋಯಿತು. ಬೀರು ಇನ್ನೂ ಸಾಲಿನ ಕೊನೆಯಲ್ಲಿತ್ತು. ಪ್ರಭುಸ್ವಾಮಿಯವರು ಅದರ ಮೇಲೆಯೇ ಕಣ್ಣಿಟ್ಟು ನಿಂತಿದ್ದರು. ಜೊತೆಗೆ ಬಂದಿದ್ದ ತಿಮ್ಮಯ್ಯನಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಗೇಟಿನ ಹತ್ತಿರದಿಂದ ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿ, ಕಾಫಿ ಕುಡಿದು ಬರೋಣವಾ ಎಂದು ಸನ್ನೆ ಮಾಡಿದ. ಪ್ರಭುಸ್ವಾಮಿಯವರು ಆಗಲಿ ಎಂದು ಗಲ್ಲ ಇಳಿಸಿ ಎತ್ತಿದರು.

"ಪ್ರಭುಸ್ವಾಮಿಗೆ!" ಎಂದು ಅಣ್ಣಯ್ಯ ಪಿಯಾನೊದ ನೆತ್ತಿಯ ಮೇಲೆ ಕೈ ಬಡಿದ.

ಬೇಡ ಎನ್ನಬಹುದಿತ್ತು. ಆದರೆ ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ಹೊಗೆಸೊಪ್ಪಿನವರೇ. ತಲೆ ಆಡಿಸಿದ ಮೇಲೆ ಇಲ್ಲ ಎಂದವನ ತಲೆಯನ್ನು ಮಾರನೆಯ ದಿನದಿಂದ ಅಣ್ಣಯ್ಯ ನೋಡುವುದಿಲ್ಲ, ರೈತರೂ ನಂಬುವುದಿಲ್ಲ. ಪ್ರಭುಸ್ವಾಮಿಯವರು ಜೇಬು ಬರಿದು ಮಾಡಿದರು. ಬೀರು ಬಂದಾಗ ಅದು ಇನ್ನೊಬ್ಬರ ಪಾಲಾಗುವುದನ್ನು ನೋಡುತ್ತಾ ನಿಂತರು. ಕಾಫಿಯ ಕಾಸನ್ನು ತಿಮ್ಮಯ್ಯನೇ ಕೊಟ್ಟ.

*

"ಆಮೇಲೆ ಮನೇಲಿ ಏನ್ ಏಳಿದ್ರೋ ನಂಗೊತ್ತಿಲ್ಲ," ಎಂದು ತಿಮ್ಮಯ್ಯ ಮುಗಿಸಿದರು. "ನಾನ್ ಊರಿಗ್ ಒಂಟೋದೆ."

ತಾಳ ನಿಂತಿತ್ತು. ಜಗಲಿಯ ಬಾಗಿಲಲ್ಲಿ ಪ್ರೇಮಮ್ಮ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಕಾಫಿಗಾ?" ಎಂದರು.

"ಕಾಫಿಗೇ ಕಣ್ ಪ್ರೇಮಕ್ಕ."

"ನಾನು ಹಾಡ್ತೀನಿ ಅಂತ ಅಲ್ವಾ?"

"ನೀವು ಆಡೋದು ಪಾಡೋದು ಅವ್ರಿಗ್ ಆ ಒತ್ನಲ್ಲಿ ಎಲ್ಲಿ ಗ್ಯಾನ? ಎದ್ರುಗಡೆ ಇರೋದು ಏನು ಅಂತ್ಲೇ ಗೊತ್ತಿರ್ಲಿಲ್ಲ. ಕಾಫಿ ಕುಡಿವಾಗ, 'ಅದೇನ್ಲಾ ತಿಮ್ಮಯ್ಯ ನಾನ್ ತಕಂಡಿದ್ದು?' ಅಂತ ನನ್ನೇ ಕೇಳುದ್ರು."

ಪ್ರೇಮಮ್ಮ ತಿರುಗಿ ಗಂಡನನ್ನು ನೋಡಿದರು. ವಿಭೂತಿ ಬಳಿದುಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಕೂತಿದ್ದರು ಆ ಮನುಷ್ಯ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ಮೊದಲು ಭುಜ ಕುಲುಕಿತು, ಆಮೇಲೆ ದನಿ ಹೊರಟಿತು. ಸಾವಿನ ಮನೆಯಲ್ಲಿ, ಹೆಣದ ಎದುರು, ಹೆಂಡತಿ ಬಿದ್ದುಬಿದ್ದು ನಕ್ಕಳು. ಕಣ್ಣಲ್ಲಿ ನೀರು ಬೇರೆ.

"ಅಯ್ಯೋ ಶಿವನೇ, ಪ್ರೇಮಕ್ಕಂಗೆ ತಲೆ ಕೆಟ್ಟೋಯ್ತು," ಎಂದು ಚಿಕ್ಕಬೀರಮ್ಮ ಎದೆ ಹಿಡಿದುಕೊಂಡಳು.

"ಕೆಟ್ಟಿಲ್ಲ ಕಣೇ. ಈಗ ನೆಟ್ಟಗಾಯ್ತು," ಎಂದರು ಪ್ರೇಮಮ್ಮ. "ಒಂದಿನಾನೂ ನುಡಿಸಿ ತೋರಿಸ್ಲಿಲ್ವಲ್ಲ ಅಂತ ಎಷ್ಟ್ ವರ್ಷ ಬೆಂದೋದೆ ಗೊತ್ತಾ? ನಂದೇನೂ ತಪ್ಪಿಲ್ಲ! ಅದು ದಾರಿ ತಪ್ಪಿ ಬಂದಿದ್ದು!" ಗಂಡನ ಕಡೆ ಕೈ ಮಾಡಿದರು. "ಹೇಳೋಕೆ ಏನಾಗಿತ್ತು ನಿಮ್ಗೆ? ಬೀರು ಹೋಯ್ತು ಅಂದಿದ್ರೆ ಎರಡು ದಿನ ಬೈತಿದ್ದೆ, ಸುಮ್ನಾಗ್ತಿದ್ದೆ."

"ಮತ್ತೆ ತಾತ ನನ್ ಹತ್ರ," ಎಂದು ಭಾವನಾ ಮೂಗು ಒರೆಸಿಕೊಂಡಳು, "ಅದಂದ್ರೆ ನಿಮ್ಮಜ್ಜಿಗೆ ಜೀವ ಅಂದ್ರು. ದಿನಾ ಒರೆಸ್ತಾಳೆ, ಅದಿಲ್ದೆ ಇರಲ್ಲ, ಕೇಳಿದ್ರೆ ಮಾರಕ್ ಬಿಡಲ್ಲ, ಆದ್ರೆ ಮಂಡಿ ನೋವಿಟ್ಕಂಡು ಆ ಗಾಳಿ ಇಲ್ದಿರೋ ಕೋಣೇಲಿ ಮಲಗ್ತಾಳೆ, ಹಜಾರದಲ್ಲಿ ಅದರ ಜಾಗಕ್ಕೆ ಒಂದು ಮಂಚ ಹಾಕ್ಸಿಬಿಡ್ಬೇಕು ಅಂತ. ಅದಕ್ಕೇ ಮಾರಕ್ಕೆ ಹೊರಟಿದ್ದು."

"ಒರೆಸ್ದೆ ಇನ್ನೇನ್ ಮಾಡ್ಲವ್ವ? ನುಡಿಸಕ್ ಬರಲ್ಲ, ಒರೆಸಾದ್ರೂ ಒರೆಸಣ ಅಂತ."

ಇಬ್ಬರೂ ಒಬ್ಬರಿಗೊಬ್ಬರು ನೋವಾಗಬಾರದು ಎಂದು ಒಂದು ಬೇಡದ ಸಾಮಾನನ್ನು ಇಡೀ ಆಯುಷ್ಯ ಸಾಕಿದ್ದರು. ಅದು ಗೊತ್ತಾದಾಗ ಪ್ರೇಮಮ್ಮನಿಗೆ ಮತ್ತೆ ಅಳು ಬಂತು. ಈ ಸಲದ ಅಳು ಸುಲಭವಾಗಿ ಬಂತು, ಬೇಗ ಮುಗಿಯಿತು. ಅವರು ಮಹೇಶ್ಕುಮಾರನ ಕಡೆ ನೋಡಿದರು.

"ನೀನು ತಗಂಡೋಗ್ತೀಯೇನಪ್ಪ?"

ಮಹೇಶ್ಕುಮಾರ್ ಅಷ್ಟರಲ್ಲಿ ತಡೆಯಲಾರದೆ ಟೀ ಲೋಟಗಳನ್ನು ಸರಿಸಿ ಮುಚ್ಚಳ ತೆಗೆದು ನೋಡಿದ್ದ. "ಒಳಗಡೆ ಉಣ್ಣೆ ಬಟ್ಟೆ ಹುಳ ತಿಂದಿದೆ ಅಮ್ಮ. ಈ ಹಲ್ಲುಗಳಲ್ಲಿ ನಾಲ್ಕೈದು ಮನೆ ಒತ್ತಿದ್ರೆ ಮೇಲೇಳಲ್ಲ. ಅಷ್ಟೇ. ಮರ, ತಂತಿ ಎಲ್ಲ ಚೆನ್ನಾಗಿದೆ. ಸ್ವಲ್ಪ ಕೆಲಸ ಮಾಡಿಸಿದ್ರೆ ಮಕ್ಕಳು ಕಲೀತಾರೆ. ಇವತ್ತು ಬೇಡ, ಇನ್ನೊಂದಿನ ಬರ್ತೀನಿ."

"ಸಾವಿನ ದಿನ ವ್ಯಾಪಾರ ಮಾಡೋದುಂಟಾ?" ಎಂದಳು ಚಿಕ್ಕಬೀರಮ್ಮ.

"ನಮ್ಮಲ್ಲಿ ಸೂತಕ ಇಲ್ಲ ಕಣಮ್ಮ," ಎಂದರು ಅಯ್ಯನವರು, ಇಷ್ಟು ಹೊತ್ತು ನಗು ನುಂಗಿಕೊಂಡು ಕೂತಿದ್ದವರು. "ಲಿಂಗದಲ್ಲಿ ಸೇರ್ಕಂಡೋರಿಗೆ ಯಾವ ಮೈಲಿಗೆ? ಮನೆಯವರು ಒಪ್ಪಿದ್ರೆ ಆಯ್ತು."

ಮಲ್ಲೇಶ್ ಮಾತ್ರ ತಲೆ ಕೆರೆದುಕೊಂಡ. "ಏನೇ ಆದ್ರೂ ಅಪ್ಪನ ಸಾಮಾನು ಕಣಮ್ಮ. ಅವರನ್ನ ಈ ಮನೆಯಿಂದ ಕಳಿಸೋ ದಿನಾನೇ..."

ಅಷ್ಟರಲ್ಲಿ ವಿಮಾನ ಸಿದ್ಧವಾಗಿತ್ತು. ಅದನ್ನು ಜಗಲಿಗೆ ತಂದು, ಪ್ರಭುಸ್ವಾಮಿಯವರನ್ನು ಹಲಗೆಯ ಸಮೇತ ಅದರೊಳಗೆ ಕೂರಿಸಿ ಬಿಗಿದರು. ತಾಳ ಮತ್ತೆ ಶುರುವಾಯಿತು. ಎಂಟು ಜನ ಹೆಗಲು ಕೊಟ್ಟು ಎತ್ತಿದಾಗ ಪ್ರೇಮಮ್ಮ ಮೆಟ್ಟಿಲ ಕೆಳಗೆ ಹೋಗಿ, ಎದುರಿಗೆ ನಿಂತು, ತಲೆ ಎತ್ತಿ ಕೇಳಿದರು:

"ಏನ್ರೀ, ಕೊಟ್ಬುಡ್ಲಾ ಅದನ್ನ?"

ಮುಂದಿನವರು ಜಗಲಿಯ ಮೆಟ್ಟಿಲಿಳಿದರು. ವಿಮಾನ ಮುಂದಕ್ಕೆ ವಾಲಿತು. ಪೇಟದ ತಲೆ ಒಮ್ಮೆ ಕೆಳಗೆ ಬಾಗಿತು. ಹಿಂದಿನವರೂ ಇಳಿದಾಗ ಮತ್ತೆ ನೆಟ್ಟಗಾಯಿತು.

"ಆಡುಸ್ಬುಟ್ರು ಕಣ್ ಪ್ರೇಮಕ್ಕ!" ಎಂದು ತಿಮ್ಮಯ್ಯ ಕೂಗಿಬಿಟ್ಟರು. "ತಲೆ ಆಡುಸ್ಬುಟ್ರು! ಇನ್ನ ಇಂದುಕ್ ಓಗಂಗಿಲ್ಲ!"

ಹೊತ್ತವರು ಕೂಡ ನಕ್ಕರು. ಮಲ್ಲೇಶ್ ವಿಮಾನದ ಬಿದಿರಿಗೆ ಹಣೆ ಹಚ್ಚಿ, ನಗುತ್ತಲೇ ಅತ್ತ. ಮಣ್ಣು ಮಾಡುವ ತೋಟದ ದಾರಿಯ ತುಂಬಾ ಆ ನಗು ಆಗಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಯಿತು. ಪ್ರಭುಸ್ವಾಮಿಯವರು ಬದುಕಿದ್ದಾಗ ಅಷ್ಟು ಜನರನ್ನು ಒಟ್ಟಿಗೆ ನಗಿಸಿದವರಲ್ಲ.

ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದ ಗಂಡಸರೇ ಹೊತ್ತು ಮುಳುಗುವ ಮೊದಲು ಪಿಯಾನೊವನ್ನು ಪಿಕಪ್ಪಿಗೆ ಏರಿಸಿ ಹಗ್ಗ ಬಿಗಿದರು. ಹೊದಿಕೆಯನ್ನು ಪ್ರೇಮಮ್ಮ ತಾವೇ ಮಡಿಸಿ ಮಹೇಶ್ಕುಮಾರನ ಕೈಗೆ ಕೊಟ್ಟರು.

"ಹೋಗೋ ಮುಂಚೆ ಒಂದು ಹಾಡು ನುಡಿಸ್ಲಾ ಅಮ್ಮ? ದನಿ ಬರೋ ಮನೆಗಳಲ್ಲೇ ಹೆಂಗೋ ನುಡಿಸ್ತೀನಿ."

"ಬ್ಯಾಡ ಕಣಪ್ಪ. ಕತ್ತಲಾಯ್ತದೆ, ಹೊರಡು. ಮಕ್ಕಳಿಗೆ ಬೈಬೇಡ, ಎಡಗೈ ಮಾತು ಕೇಳ್ದೆ ಇದ್ರೆ."

ಗಾಡಿ ಹೊರಟಿತು. ಓಣಿಯ ತುದಿಯಲ್ಲಿ ರಸ್ತೆಯ ಹಂಪು ಹತ್ತಿ ಇಳಿದಾಗ, ಪಿಯಾನೊದೊಳಗಿನ ತಂತಿಗಳೆಲ್ಲ ಒಟ್ಟಿಗೆ ಝೊಂಯ್ ಎಂದು ಎದ್ದವು. ಬೀದಿನಾಯಿಗಳು ಬೊಗಳುತ್ತಾ ಅದರ ಹಿಂದೆ ಓಡಿದವು. ಆ ದನಿ ಸಂತೆಮಾಳದ ತಿರುವಿನವರೆಗೂ ಕೇಳಿಸಿತು. ಅದು ಪೂರ್ತಿ ಅಡಗಿದ ಮೇಲೆ ಪ್ರೇಮಮ್ಮ ಜಗಲಿಯ ಮೇಲೆ ಕೂತರು. ಎದುರಿಗೆ ಅಷ್ಟು ಜನ ಗಂಡಸರು ಇದ್ದರೂ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಎರಡೂ ಕಾ‌ಲನ್ನು ಉದ್ದಕ್ಕೆ ಚಾಚಿಬಿಟ್ಟರು.